ಉಪ್ಪೂ ಇಲ್ಲ, ಹುಳಿಯೂ ಇಲ್ಲ ಅಂದರೆ ಆ ಬಾಟಲಿ ಕೊಳ್ಳಬೇಡಿ

ಗುಜ್ಜೆ, ಅಂದರೆ ಎಳೆ ಹಲಸಿನ ಸೀಸನ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಬಾಟಲಿಗಳ ಫೋಟೊ ಶುರು. ಗುಜ್ಜೆ, ಕಳಲೆ, ಅಣಬೆ, ಜೋಳದ ಕಾಳು, ಎಲ್ಲವೂ ಗಾಜಿನ ಬಾಟಲಿಯಲ್ಲಿ ನೀರೊಳಗೆ ಮುಳುಗಿ ಚಂದ ಕಾಣುತ್ತವೆ. ಕೆಳಗೆ ಬರೆದಿರುತ್ತಾರೆ: "ಮನೆಯಲ್ಲೇ ಮಾಡಿದ್ದು. ಕೆಮಿಕಲ್ ಇಲ್ಲ, ಉಪ್ಪು ಇಲ್ಲ, ಫ್ರಿಜ್ ಬೇಡ. ಆರು ತಿಂಗಳು ಕೆಡಲ್ಲ." ಇಷ್ಟೂ ಒಟ್ಟಿಗೆ ಕಂಡರೆ ದಯವಿಟ್ಟು ಆರ್ಡರ್ ಮಾಡಬೇಡಿ.

ನಮ್ಮ ಅತ್ತೆ ಪುತ್ತೂರಿನ ಕಡೆಯವರು. ಬೆಂಗಳೂರಿನಲ್ಲಿ ಒಳ್ಳೆ ಗುಜ್ಜೆ ಸಿಗಲ್ಲ ಅನ್ನುವುದು ಅವರ ಹಳೇ ತಕರಾರು. ಅದಕ್ಕೇ ಕಳೆದ ವರ್ಷ ನಾದಿನಿ ಇಂಥ ಬಾಟಲಿಗಳ ಒಂದು ಡಬ್ಬ ತರಿಸಿಕೊಟ್ಟಳು. ಮಳೆಗಾಲದಲ್ಲಿ ಪಲ್ಯ ಮಾಡೋಣ ಅಂತ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೆವು. ಒಂದು ದಿನ ತೆಗೆದು ನೋಡಿದರೆ ಒಂದು ಬಾಟಲಿಯ ಮುಚ್ಚಳ ನಡುವೆ ಹಪ್ಪಳದ ಹಾಗೆ ಉಬ್ಬಿತ್ತು. ಬೆರಳಿನಿಂದ ಒತ್ತಿದರೆ ಟಿಕ್ ಅಂತ ಒಳಗೆ ಹೋಗಿ, ಬೆರಳು ತೆಗೆದ ಕೂಡಲೇ ಮತ್ತೆ ಮೇಲೆದ್ದಿತು. ನೀರು ಮಬ್ಬಾಗಿತ್ತು. ಗಾಜಿನ ಒಳಮೈಗೆ ಅಂಟಿಕೊಂಡು ಸಣ್ಣ ಸಣ್ಣ ಗುಳ್ಳೆಗಳು ಮೇಲೇರುತ್ತಿದ್ದವು.

ಅತ್ತೆ ಆಗಲೇ ಚಮಚ ಹಿಡಿದು ನಿಂತಿದ್ದರು. "ಸ್ವಲ್ಪ ಹುಳಿ ಬಂದಿರಬೇಕು. ತೆಗಿ, ಒಂದು ಚೂರು ಬಾಯಿಗೆ ಹಾಕಿ ನೋಡಿದರೆ ಗೊತ್ತಾಗುತ್ತೆ" ಅಂದರು. "ಬೇಡ ಅತ್ತೆ, ಇದನ್ನು ರುಚಿ ನೋಡೋ ಹಾಗಿಲ್ಲ" ಅಂತ ಬಾಟಲಿಯನ್ನು ಕಿತ್ತುಕೊಳ್ಳಬೇಕಾಯಿತು. ಅವರಿಗೆ ಸಿಟ್ಟೇ ಬಂತು. ಅವರದ್ದೂ ತಪ್ಪಲ್ಲ ಬಿಡಿ. ಭರಣಿಯಲ್ಲಿ ಉಪ್ಪು ಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಹಾಕಿ ಬೆಳೆದವರು. ಅಲ್ಲಿ ನಾಲಿಗೆಯೇ ಪರೀಕ್ಷೆ, ಅದು ನಡೆಯುತ್ತದೆ ಕೂಡ. ಆದರೆ ಅಲ್ಲಿ ಉಪ್ಪು ಇರುತ್ತೆ.

ಮಾರಿದವರಿಗೆ ಫೋನ್ ಮಾಡಿದೆ. "ಗ್ಯಾಸ್ ಅಷ್ಟೇ ಮೇಡಂ, ನ್ಯಾಚುರಲ್ ಅಲ್ವಾ, ಹಾಗಾಗುತ್ತೆ. ಕುದಿಸಿ ತಿನ್ನಿ" ಅಂದರು. ಹೇಗೆ ಮಾಡ್ತೀರಿ ಅಂತ ಕೇಳಿದೆ. ಬೇಯಿಸಿ, ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ದೊಡ್ಡ ಪಾತ್ರೆಯ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಇಡ್ತಾರಂತೆ. ಜಾಮ್ ವಿಡಿಯೋ ನೋಡಿ ಕಲಿತದ್ದಂತೆ. ದುಡ್ಡು ವಾಪಸ್ ಕೊಟ್ಟರು, ಅದರಲ್ಲಿ ಮೋಸ ಇಲ್ಲ. ಆದರೆ ಅದೇ ಸಲ ಕೊಂಡ ಬೇರೆಯವರಿಗೂ ತಿಳಿಸಿ ಅಂದಿದ್ದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ.

ಜಾಮಿಗೆ ಆ ವಿಧಾನ ಸರಿ. ಹಣ್ಣಿನಲ್ಲಿ ಹುಳಿ ಇದೆ, ಸಕ್ಕರೆ ಇದೆ. ಗುಜ್ಜೆಯಲ್ಲಿ ಎರಡೂ ಇಲ್ಲ. ಮಣ್ಣಿನಲ್ಲಿ ಎಲ್ಲೆಡೆ ಇರುವ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿಗೆ ಜಗ್ಗುವುದಿಲ್ಲ. ಅವು ಸಾಯಬೇಕಾದರೆ 121 ಡಿಗ್ರಿ ಶಾಖ ಬೇಕು, ಅಂದರೆ ಪ್ರೆಷರ್ ಬೇಕು. ಬೆಂಗಳೂರು ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಅರ್ಧ ಗಂಟೆ ಕುದಿಸಿದರೆ ಬೇರೆ ಬಹುಪಾಲು ಬ್ಯಾಕ್ಟೀರಿಯಾಗಳು ಸತ್ತು, ಗಾಳಿ ಹೊರಗೆ ಹೋಗಿ, ಇದೊಂದಕ್ಕೆ ಬೇಕಾದ ಜಾಗ ಸಿದ್ಧವಾಗುತ್ತೆ. ಗಾಳಿ ಇಲ್ಲದ, ಹುಳಿ ಇಲ್ಲದ, ಉಪ್ಪಿಲ್ಲದ, ಬೆಚ್ಚಗಿನ ಬಾಟಲಿಯೇ ಅದಕ್ಕೆ ಬೇಕಾದ್ದು. ಅಲ್ಲಿ ಬೆಳೆದು ಬಿಡುವ ವಿಷ ನರಗಳನ್ನು ಹಿಡಿಯುತ್ತೆ.

ನಮ್ಮ ಬಾಟಲಿಯಲ್ಲಿ ಇದ್ದದ್ದು ಅದೇ ಅಂತ ನಾನು ಹೇಳುತ್ತಿಲ್ಲ. ಬೇರೆ ಜೀವಿಗಳೂ ಗ್ಯಾಸ್ ಮಾಡುತ್ತವೆ. ಮನೆಯಲ್ಲಿ ಕೂತು ಇದು ಯಾವುದು ಅಂತ ತಿಳಿಯುವ ದಾರಿಯೇ ಇಲ್ಲ. ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಅದೇ ಡಬ್ಬದಲ್ಲಿದ್ದ ಪಕ್ಕದ ಬಾಟಲಿ. ಮುಚ್ಚಳ ಚಪ್ಪಟೆ, ನೀರು ತಿಳಿ. ಈ ವಿಷಕ್ಕೆ ವಾಸನೆ, ರುಚಿ, ಬಣ್ಣ ಏನೂ ಇಲ್ಲದೆಯೂ ಇರಬಹುದು.

2015ರಲ್ಲಿ ಅಮೆರಿಕದ ಒಹಾಯೊದಲ್ಲಿ ಚರ್ಚಿನ ಊಟಕ್ಕೆ ಯಾರೋ ಆಲೂಗಡ್ಡೆ ಸಲಾಡ್ ತಂದಿದ್ದರು. ಮನೆಯಲ್ಲೇ ಬಾಟಲಿಗೆ ತುಂಬಿ, ಹೀಗೇ ಬರೀ ಕುದಿಯುವ ನೀರಿನಲ್ಲಿಟ್ಟ ಆಲೂಗಡ್ಡೆ. 29 ಜನ ಹಾಸಿಗೆ ಹಿಡಿದರು, ಒಬ್ಬರು ತೀರಿಕೊಂಡರು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ ಹೀಗೇ ಆಯಿತು. ಬರೀ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಹಾಕಿ ಹೊರಗಿಡುವ ಬಾಟಲಿಗಳನ್ನು ಇಲ್ಲೂ ಜಾಸ್ತಿ ನೋಡುತ್ತಿದ್ದೇನೆ. ಎಣ್ಣೆ ಗಾಳಿಯನ್ನು ತಡೆಯುತ್ತೆ, ಅಷ್ಟೇ. ಕಾಪಾಡುವುದು ನಿಂಬೆ, ವಿನೆಗರ್ ಅಥವಾ ಉಪ್ಪು. ಅವಿಲ್ಲದಿದ್ದರೆ ಫ್ರಿಜ್ಜಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮುಗಿಸಿ.

ಹಾಗಂತ ಅಪ್ಪೆಮಿಡಿ ಉಪ್ಪಿನಕಾಯಿಗೆ ಹೆದರಬೇಕಿಲ್ಲ. ಮಿಡಿಯಲ್ಲಿ ಹುಳಿ ಬೇಕಾದಷ್ಟಿದೆ, ಮೇಲೆ ಧಾರಾಳ ಉಪ್ಪು. ಉಪ್ಪು ಸೊಳೆಯೂ ಅಷ್ಟೇ, ಅಡುಗೆಗೆ ಮುಂಚೆ ನೀರಲ್ಲಿ ನೆನೆಸಿ ಉಪ್ಪು ಬಿಡಿಸಲೇಬೇಕು, ಅಷ್ಟು ಹಾಕುತ್ತಾರೆ. ಉಪ್ಪುನೀರಿನಲ್ಲಿ ನೂರಕ್ಕೆ ಹತ್ತು ಪಾಲು ಉಪ್ಪಿದ್ದರೆ, ಅಥವಾ ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ (ಪಿಎಚ್ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಈ ಬ್ಯಾಕ್ಟೀರಿಯಾ ಬೆಳೆಯಲ್ಲ. "ಬಿಪಿ ಇದೆ, ಉಪ್ಪು ಕಡಿಮೆ ಮಾಡೋಣ" ಅಂತ ಅಜ್ಜಿಯ ಅಳತೆ ಅರ್ಧ ಮಾಡಿ ಹೊರಗಿಡುವವರಿಗೆ ಇದನ್ನು ತಿಳಿಸಿ. ಉಪ್ಪು ಬೇಡವೆಂದರೆ ತರಕಾರಿಯನ್ನು ಬೇಯಿಸಿ ಫ್ರೀಜರಿನಲ್ಲಿ ಇಡಿ. ನಮ್ಮ ಮನೆಯ ಗುಜ್ಜೆ ಈಗ ಅಲ್ಲೇ ಇದೆ.

ಮಾರುವವರ ಹತ್ತಿರ ಉಪ್ಪು ಎಷ್ಟು, ಹುಳಿ ಏನು, ಯಾವ ಶಾಖದಲ್ಲಿ ಸಂಸ್ಕರಿಸಿದ್ದು ಅಂತ ಕೇಳಿ. ಲೇಬಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐನ (ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ನಂಬರ್ ಇರಬೇಕು, ಮನೆಯಲ್ಲಿ ಮಾಡಿ ಮಾರುವವರಿಗೂ ನೋಂದಣಿ ಬೇಕು. ಆದರೆ ಬರೀ ನಂಬರ್ ನೋಡಿ ಸುಮ್ನಾಗಬೇಡಿ, ಬಾಟಲಿಯೊಳಗೆ ಏನಾಗಿದೆ ಅಂತ ಆ ನಂಬರ್ ಹೇಳುವುದಿಲ್ಲ.

ಉಬ್ಬಿದ ಬಾಟಲಿ ಇದ್ದರೆ ತೆರೆಯಬೇಡಿ. ಹಾಗೇ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಸಿಂಕಿಗೆ ಸುರಿಯುವುದು, ಕಲಗಚ್ಚಿಗೆ ಹಾಕುವುದು, ನಾಯಿಗೆ ಇಡುವುದು ಯಾವುದೂ ಬೇಡ. ದನಗಳಿಗೂ ಈ ವಿಷ ತಾಗುತ್ತೆ. ಸೋರಿದ್ದರೆ ಗ್ಲೌಸ್ ಹಾಕಿಕೊಂಡು ಬ್ಲೀಚಿಂಗ್ ನೀರಿನಿಂದ ಒರೆಸಿ.

ಇಂಥದ್ದನ್ನು ಯಾರಾದರೂ ಈಗಾಗಲೇ ತಿಂದಿದ್ದರೆ ಕೆಲವು ದಿನ ಅವರ ಮೇಲೆ ಕಣ್ಣಿಡಿ. ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ ಲಕ್ಷಣ ಕಾಣಿಸುತ್ತೆ, ಕೆಲವೊಮ್ಮೆ ಇನ್ನೂ ತಡವಾಗಿ. ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಇದರಲ್ಲಿ ಯಾವುದು ಕಂಡರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಜ್ವರ ಇಲ್ಲವಲ್ಲ ಅಂತ ಕಾಯಬೇಡಿ, ಇದರಲ್ಲಿ ಸಾಮಾನ್ಯವಾಗಿ ಜ್ವರ ಬರಲ್ಲ. ಮುಂದೆ ಉಸಿರಾಟಕ್ಕೇ ತೊಂದರೆ. ಬಾಟಲಿಯ ತರಕಾರಿ ತಿಂದದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ. ಇದಕ್ಕೆ ಕೊಡುವ ಮದ್ದು ಆಂಟಿಟಾಕ್ಸಿನ್, ಅದು ವಿಷ ಮುಂದೆ ಹಬ್ಬುವುದನ್ನು ತಡೆಯುತ್ತೆ ಅಷ್ಟೇ, ಆಗಲೇ ಹಿಡಿದ ನರಗಳನ್ನು ಬಿಡಿಸುವುದಿಲ್ಲ. ಅದಕ್ಕೇ ಗಂಟೆಗಳ ಲೆಕ್ಕ.