ಹಿಂಚಕ್ರದ ಹೊಸ ಹಬ್: 1,200 ಕಿಲೋಮೀಟರ್ ಓಡಿಸಿದ ಮೇಲೆ

ಚಿಕ್ಕಬಳ್ಳಾಪುರದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ನನ್ನ ಕಸುಬು. ಇಪ್ಪತ್ತಾರು ವರ್ಷಗಳಿಂದ ಬೇರಿಂಗಿನ ಸದ್ದು ಕೇಳಿಯೇ ಅನ್ನ ಉಣ್ಣುತ್ತಿದ್ದೇನೆ. ಓಡುವ ಮೋಟಾರಿನ ಮೇಲೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಯಾವ ಕಡೆಯ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲೆ. ಇಷ್ಟು ಗರ್ವವಿದ್ದವನು ಸೈಕಲ್ಲಿನ ಒಂದು ಹಬ್‌ನ (ಚಕ್ರದ ನಡುವೆ ಕಡ್ಡಿಗಳೆಲ್ಲ ಬಂದು ಸೇರುವ ಭಾಗ) ಮುಂದೆ ಎರಡು ಸಲ ಪೆಚ್ಚಾದೆ. ಆ ಎರಡನ್ನೂ ಮುಚ್ಚಿಡದೆ ಬರೆಯುತ್ತೇನೆ. ಕೊಳ್ಳುವವರಿಗೆ ನನ್ನ ಹೊಗಳಿಕೆಗಿಂತ ಅದರಿಂದಲೇ ಹೆಚ್ಚು ಉಪಯೋಗವಾದೀತು.

ಡಾಕ್ಟರು ಸಕ್ಕರೆ ಇಳಿಸಿಕೊಳ್ಳಿ ಎಂದದ್ದಕ್ಕೆ ನಾಲ್ಕು ವರ್ಷದ ಹಿಂದೆ ಗೇರ್ ಸೈಕಲ್ ಕೊಂಡೆ. ಬೆಳಿಗ್ಗೆ ಕಂದವಾರ ಕೆರೆಯ ಕಡೆ, ಭಾನುವಾರ ಮುದ್ದೇನಹಳ್ಳಿ, ಮೈ ಹಗುರವಾಗಿದ್ದ ದಿನ ನಂದಿ ಬೆಟ್ಟ. ಸೈಕಲ್ಲಿನ ಜೊತೆ ಬಂದಿದ್ದ ಹಿಂದಿನ ಹಬ್ ಕಳೆದ ಮಳೆಗಾಲದಲ್ಲಿ ಗುರುಗುಟ್ಟತೊಡಗಿತು. ಬಿಚ್ಚಿ ನೋಡಿದರೆ ಬೇರಿಂಗಿನ ಗುಂಡುಗಳು ಒರಗಿ ಓಡುವ ಕೋನ್‌ಗಳ ಮೇಲೆ ಸಿಡುಬಿನ ಕಲೆಯಂತಹ ಗುಳಿಗಳು, ಗ್ರೀಸ್ ಇರಬೇಕಾದ ಜಾಗದಲ್ಲಿ ಕೆಂಪು ಕೆಸರು. ಮೊದಲು ವಿಚಾರಿಸಿದ ಅಂಗಡಿಯವರು ಇಡೀ ಚಕ್ರವನ್ನೇ ಬದಲಿಸಿ ಎಂದರು. ರಿಮ್ ನೆಟ್ಟಗಿತ್ತು. ಸುಟ್ಟ ವೈಂಡಿಂಗಿಗೆ ಮೋಟಾರನ್ನೇ ಬದಲಿಸಿ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹಾಗಾಗಿ ಹಬ್ ಒಂದನ್ನೇ ತರಿಸಿದೆ.

ತರಿಸಿದ್ದು ಶಿಮಾನೊ ಕಂಪನಿಯ ಡಿಯೋರ್ ದರ್ಜೆಯ ಹಬ್. 36 ತೂತು, 135 ಮಿಲಿಮೀಟರ್ ಅಗಲ, ಕ್ವಿಕ್ ರಿಲೀಸ್ (ಹಿಡಿ ಒತ್ತಿ ಚಕ್ರ ಬಿಗಿಯುವ ಬಗೆ), ಒಳಗೆ ಕಪ್ ಮತ್ತು ಕೋನ್, ಅಂದರೆ ಅವೆರಡರ ನಡುವೆ ಬಿಡಿ ಗುಂಡುಗಳು ಓಡುವ ಬೇರಿಂಗ್. ನಾನು ಪಾವತಿಸಿದ್ದು ಎರಡೂವರೆ ಸಾವಿರ. ಹೊಸ ಕಡ್ಡಿ, ಚಕ್ರ ಕಟ್ಟುವ ಕೂಲಿ, ಬ್ರೇಕಿನ ಹೊಸ ಡಿಸ್ಕ್ ಎಲ್ಲ ಸೇರಿ ಐದು ಸಾವಿರ ಮುಟ್ಟಿತು. ಡಿಸ್ಕಿನ ಖರ್ಚು ನನ್ನ ತಪ್ಪಿನಿಂದ ಬಂದದ್ದು. ಈ ಹಬ್‌ಗೆ ನಡುವೆ ಒಂದೇ ರಿಂಗಿನಿಂದ ಬಿಗಿಯುವ ಸೆಂಟರ್ ಲಾಕ್ ಡಿಸ್ಕ್ ಬೇಕು, ನನ್ನಲ್ಲಿದ್ದದ್ದು ಆರು ಸ್ಕ್ರೂಗಳದ್ದು. ಆರ್ಡರ್ ಮಾಡುವ ಮುನ್ನ ಚಿತ್ರವನ್ನು ದೊಡ್ಡದು ಮಾಡಿ ನೋಡಿದ್ದರೆ ತಿಳಿಯುತ್ತಿತ್ತು.

1921ರಲ್ಲಿ ಜಪಾನಿನ ಸಕಾಯ್ ಊರಿನಲ್ಲಿ ಶುರುವಾದ ಈ ಕಂಪನಿ ಮೊದಲು ಮಾಡಿದ ಮಾಲೇ ಸೈಕಲ್ಲಿನ ಫ್ರೀವೀಲ್, ಪೆಡಲ್ ನಿಲ್ಲಿಸಿದರೂ ಚಕ್ರವನ್ನು ಓಡಲು ಬಿಡುವ ಭಾಗ. ಫ್ರೀವೀಲನ್ನು ಹಬ್‌ನ ಒಡಲಿಗೇ ಸೇರಿಸಿದ ಫ್ರೀಹಬ್ಬನ್ನು ಅದು 1978ರಲ್ಲಿ ತಂದಿತು. ಇದರಿಂದ ಏನು ಲಾಭ ಎಂಬುದು ಹಳೆಯ ಸೈಕಲ್ ಬಿಚ್ಚಿದವರಿಗೆ ಗೊತ್ತು. ಫ್ರೀವೀಲನ್ನು ಹೊರಗಿನಿಂದ ಸ್ಕ್ರೂವಿನಂತೆ ತಿರುಗಿಸಿ ಕೂರಿಸುವ ಹಬ್‌ನಲ್ಲಿ ಬಲಗಡೆಯ ಗುಂಡುಗಳು ಒಳಕ್ಕೆ ಸರಿದು ಕುಳಿತಿರುತ್ತವೆ. ಅಲ್ಲಿಂದಾಚೆ ಆಕ್ಸಲ್ ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ, ಗುಂಡಿ ಬಿದ್ದ ರಸ್ತೆಯಲ್ಲಿ ಬಾಗುತ್ತದೆ. ಫ್ರೀಹಬ್‌ನಲ್ಲಿ ಆ ಗುಂಡುಗಳು ಗೇರುಗಳ ಹೊರತುದಿಗೆ ಹೋಗಿ ಕೂರುತ್ತವೆ. ಹೊರೆಯ ಹತ್ತಿರವೇ ಆಸರೆ. ಮೋಟಾರಿನ ಪುಲ್ಲಿಗೂ ಬೇರಿಂಗಿಗೂ ಇದೇ ನಿಯಮ.

ಬಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ, ಎಪ್ಪತ್ತು ದಾಟಿದ ಒಬ್ಬ ಯಜಮಾನರು ಚಕ್ರ ಕಟ್ಟಿಕೊಟ್ಟರು. ಅವರ ಅಂಗಡಿಯ ಹಲಗೆಯಲ್ಲಿ ಇಂದಿಗೂ ‘ಓವರ್ ಆಯಿಲಿಂಗ್’ ಎಂದೇ ಬರೆದಿದೆ. ಓವರ್‌ಹಾಲಿಂಗ್ ಎಂಬ ಪದಕ್ಕಿಂತ ಅದೇ ನನಗೆ ಇಷ್ಟ, ಕೆಲಸದ ಅರ್ಧ ಹೆಸರಿನಲ್ಲೇ ಇದೆ. ಅವರು ಕಲಿತ ಕಾಲದ ದೊಡ್ಡ ಸೈಕಲ್ಲುಗಳ ಹಬ್ ನಡುವೆ ಒಂದು ಸಣ್ಣ ತೂತು, ಅದರ ಮೇಲೆ ತಗಡಿನ ಕ್ಲಿಪ್ ಇರುತ್ತಿತ್ತು. ಕ್ಲಿಪ್ ಸರಿಸಿ ಎಣ್ಣೆ ಬಿಟ್ಟರೆ ಆಯಿತು. ಹೊಸ ಹಬ್ಬನ್ನು ಕೈಯಲ್ಲಿ ಹೊರಳಿಸಿ ನೋಡಿ, "ಇದಕ್ಕೆ ಎಣ್ಣೆ ತೂತು ಎಲ್ಲಿ ಸ್ವಾಮಿ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ಬಿಚ್ಚುವುದನ್ನು ಕಲಿಯಿರಿ" ಎಂದರು.

ಚಕ್ರ ಕಟ್ಟುವ ಮುನ್ನ ಆಕ್ಸಲ್ಲನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿದ್ದೆ. ತುಸು ಭಾರ. ಇಲ್ಲಿ ನಾನು ಮೊದಲ ಸಲ ಪೆಚ್ಚಾದದ್ದು. ಮೋಟಾರಿನ ಹೊಸ 6205 ಬೇರಿಂಗನ್ನು ಕೈಯಲ್ಲಿ ಹಿಡಿದರೆ ನುಣ್ಣಗೆ ತಿರುಗಬೇಕು, ಇದು ಹೀಗೇಕೆ ಎಂದು ಅಲ್ಲೇ ಕೋನ್ ಸಡಿಲಿಸಲು ಹೊರಟೆ. ಯಜಮಾನರು ಪಾನಾ ಕಸಿದುಕೊಂಡರು.

ಕಪ್-ಕೋನ್ ಹಬ್‌ನ ಬಿಗಿಯಲ್ಲಿ ಎರಡು ಬಗೆ. ಒಂದು, ಹೊಸ ಗ್ರೀಸಿನದು ಮತ್ತು ಧೂಳು ತಡೆಯುವ ರಬ್ಬರ್ ಸೀಲಿನದು. ಗಟ್ಟಿ ಜೇನುತುಪ್ಪದಲ್ಲಿ ಚಮಚ ಆಡಿಸಿದಂತೆ, ಸುತ್ತಿನ ಉದ್ದಕ್ಕೂ ಒಂದೇ ಸಮನಾದ ತಡೆ. ಇದು ಓಡುತ್ತಾ ಓಡುತ್ತಾ ತಾನೇ ಬಿಡುತ್ತದೆ. ಇನ್ನೊಂದು, ಕೋನ್ ಅತಿಯಾಗಿ ಒತ್ತಿದ್ದರ ಬಿಗಿ. ರಾಗಿಕಲ್ಲಿನಲ್ಲಿ ಮರಳು ಸಿಕ್ಕಂತೆ ಬೆರಳಿಗೆ ಕರಕರ ಎನ್ನುತ್ತದೆ, ಅಲ್ಲಲ್ಲಿ ಹಿಡಿದು ಬಿಡುತ್ತದೆ. ಇದನ್ನು ಹಾಗೆಯೇ ಓಡಿಸಿದರೆ ಕೋನ್ ತಿಂದುಹೋಗುತ್ತದೆ. ನನ್ನದು ಮೊದಲನೆಯ ಬಗೆಯದು. ಸಡಿಲಿಸಿದ್ದರೆ ಗ್ರೀಸ್ ಪಳಗುವ ಹೊತ್ತಿಗೆ ಹಬ್ ಲಟಲಟ ಎನ್ನುತ್ತಿತ್ತು.

ಮೊದಲ ದಿನ ಕೆರೆಯ ಏರಿಯವರೆಗೆ ಹೋಗುವಷ್ಟರಲ್ಲಿ ಚಕ್ರದಿಂದ ಟಿಣ್, ಟಿಣ್ ಎಂದು ಏಳೆಂಟು ಸಲ ಸದ್ದು. ಎದೆ ಧಸಕ್ಕೆಂದಿತು. ಕಡ್ಡಿ ಮುರಿದಿರಲಿಲ್ಲ. ಕಡ್ಡಿಯ ತುದಿಯ ನಟ್ಟಾದ ನಿಪ್ಪಲ್ ಬಿಗಿಸುವಾಗ ಕಡ್ಡಿಯೂ ಜೊತೆಗೆ ಸ್ವಲ್ಪ ತಿರುಚಿಕೊಂಡಿರುತ್ತದೆ, ಮೈಭಾರ ಬಿದ್ದಾಗ ಆ ತಿರುಚು ಬಿಡುವ ಸದ್ದು ಅದು. ಇದರ ಜೊತೆ ಕಡ್ಡಿಯ ಕೊಕ್ಕೆ ಹಬ್‌ನ ತೂತಿನಲ್ಲಿ ಒತ್ತಿ ಕೂರುವುದೂ ಇದೆ. ಹೀಗಾಗಿ ಹೊಸ ಚಕ್ರದ ಬಿಗಿ ಮೊದಲ ಕೆಲವು ದಿನಗಳಲ್ಲಿ ಇಳಿಯುವುದು ಸಹಜ. 250 ಕಿಲೋಮೀಟರಿಗೆ ಯಜಮಾನರಲ್ಲಿಗೆ ಒಯ್ದೆ. ಎಡಗಡೆಯ ನಾಲ್ಕೈದು ಕಡ್ಡಿ ಸಡಿಲವಾಗಿದ್ದವು. ಗೇರ್ ಇರುವ ಹಿಂಚಕ್ರದಲ್ಲಿ ಬಲಗಡೆಯ ಕಡ್ಡಿಗಳೇ ಹೆಚ್ಚು ಬಿಗಿ, ಸಡಿಲವಾಗುವ ಸರದಿ ಎಡಗಡೆಯದು. ಹತ್ತು ನಿಮಿಷದಲ್ಲಿ ಔಟ್ (ಚಕ್ರದ ಓರೆ) ತೆಗೆದುಕೊಟ್ಟರು. ಐವತ್ತು ರೂಪಾಯಿ. ಆಮೇಲೆ ಇಂದಿನವರೆಗೆ ಮುಟ್ಟಿಲ್ಲ.

ಸುಮಾರು 400 ಕಿಲೋಮೀಟರಿಗೆ ಹಬ್ ಪಳಗಿತು. ತಿಳಿದದ್ದು ಹೀಗೆ: ಚಕ್ರವನ್ನು ಎತ್ತಿ ಹಿಡಿದು ಸುಮ್ಮನೆ ಬಿಟ್ಟರೆ ವಾಲ್ವಿನ ಭಾರಕ್ಕೇ ಅತ್ತಿತ್ತ ತೂಗಿ, ಗಡಿಯಾರದ ಲೋಲಕದಂತೆ ನಿಧಾನವಾಗಿ ನಿಲ್ಲತೊಡಗಿತು. ಮೊದಲ ವಾರ ಹೀಗೆ ತೂಗುತ್ತಲೇ ಇರಲಿಲ್ಲ. ಆದರೆ ಅದೇ ಹೊತ್ತಿಗೆ ಟೈರ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದಾಗ ಕಂಡೂ ಕಾಣದಷ್ಟು ಆಟವೂ ಕೈಗೆ ಸಿಕ್ಕಿತು. ಹೊಸ ಹಬ್ಬನ್ನು ಒಮ್ಮೆ ಹೊಂದಿಸಬೇಕಾದ ಹೊತ್ತು ಇದೇ. ಅಮೆರಿಕದ ಕ್ರಿಸ್ ಕಿಂಗ್ ಹಬ್ ಎಂದರೆ ಸೈಕಲ್ ಹುಚ್ಚರು ಕಣ್ಣರಳಿಸುತ್ತಾರೆ. ಅದರ ದುಡ್ಡಿಗೆ ನಮ್ಮಲ್ಲಿ ಒಂದು ಮೋಟಾರೇ ಬರುತ್ತದೆ. ಅದನ್ನು ಕೂಡ ಸ್ವಲ್ಪ ಓಡಿಸಿದ ಮೇಲೆ ಮತ್ತೆ ಹೊಂದಿಸಬೇಕು ಎಂದು ಮಾಡಿದವರೇ ಹೇಳುತ್ತಾರೆ. ಎರಡೂವರೆ ಸಾವಿರದ ಹಬ್ ಕೇಳಿದರೆ ಮುಖ ಗಂಟಿಕ್ಕಬೇಕಾಗಿಲ್ಲ.

ಹೊಂದಿಸಲು 15 ಮಿಲಿಮೀಟರಿನ ತೆಳು ಕೋನ್ ಪಾನಾ, ಕೋನ್ ಜರುಗದಂತೆ ಹಿಡಿಯುವ ಲಾಕ್‌ನಟ್ಟಿಗೆ 17ರದ್ದು ಬೇಕು. ತೆಳು ಪಾನಾ ಊರಿನಲ್ಲಿ ಸಿಗಲಿಲ್ಲ. ಸಾಮಾನ್ಯ 15ರ ಪಾನಾವನ್ನೇ ಗ್ರೈಂಡರಿನಲ್ಲಿ ಎರಡೂ ಕಡೆ ಸವೆಸಿ ತೆಳ್ಳಗೆ ಮಾಡಿಕೊಂಡೆ. ಎಡಗಡೆಯ ಲಾಕ್‌ನಟ್ ಸಡಿಲಿಸಿ, ಕೋನ್ ಅನ್ನು ಕೂದಲೆಳೆಯಷ್ಟು ಒಳಗೆ ತಿರುಗಿಸಿ, ಅದು ಅಲ್ಲಾಡದಂತೆ ಹಿಡಿದು ಲಾಕ್‌ನಟ್ ಬಿಗಿದೆ. ಕೈಯಲ್ಲಿ ತಿರುಗಿಸಿದರೆ ಆಟವಿಲ್ಲ, ನುಣುಪು. ಭೇಷ್ ಎಂದುಕೊಂಡು ಸೈಕಲ್ಲಿಗೆ ಹಾಕಿ ಕ್ವಿಕ್ ರಿಲೀಸ್ ಹಿಡಿಯನ್ನು ಒತ್ತಿದರೆ ಚಕ್ರ ಬಿಗಿ! ಆ ಹಿಡಿ ಒತ್ತಿದಾಗ ಟೊಳ್ಳು ಆಕ್ಸಲ್ ನಿಜವಾಗಿಯೂ ಒಂದಿಷ್ಟು ಕುಗ್ಗುತ್ತದೆ, ಕೋನ್‌ಗಳು ಹತ್ತಿರವಾಗುತ್ತವೆ. ಆದ್ದರಿಂದ ಕೈಯಲ್ಲಿರುವಾಗ ತೀರಾ ಸಣ್ಣ ಆಟವನ್ನು ಉಳಿಸಿಯೇ ಲಾಕ್ ಮಾಡಬೇಕು. ಹಿಡಿ ಒತ್ತಿದಾಗ ಆ ಆಟ ಮಾಯವಾಗಬೇಕು, ಬಿಗಿಯೂ ಹುಟ್ಟಬಾರದು. ಲಾಕ್‌ನಟ್ ಬಿಗಿಸುವಾಗ ಕೋನ್ ತಾನೂ ಒಂದಿಷ್ಟು ಜರುಗುತ್ತದೆ ಎಂಬುದು ಇದರ ಮೇಲಿನ ತಲೆನೋವು. ನನಗೆ ಐದು ಸಲ ಬಿಚ್ಚಿ ಹಾಕಿದ ಮೇಲೆ ಸಿಕ್ಕಿತು. ಅಷ್ಟರಲ್ಲಿ ಪೇರೇಸಂದ್ರದ ಕಡೆಯಿಂದ ಸುಟ್ಟ ಮೋಟಾರ್ ತಂದಿದ್ದ ರೈತರೊಬ್ಬರು ಎರಡು ಟೀ ಕುಡಿದು ಮುಗಿಸಿ, "ಅಣ್ಣಾ, ನನ್ನ ಟೊಮೆಟೊ ಒಣಗುತ್ತಿದೆ" ಎಂದು ಎಚ್ಚರಿಸಿದರು.

ಇನ್ನು ಎರಡನೆಯ ಪೆಚ್ಚು. ಇದು ಪೂರ್ತಿ ನನ್ನ ಅಧಿಕಪ್ರಸಂಗ. ಪೆಡಲ್ ನಿಲ್ಲಿಸಿದಾಗ ಫ್ರೀಹಬ್ ಟಿಕ್ ಟಿಕ್ ಎನ್ನುತ್ತದಲ್ಲ, ಅದು ನನ್ನ ಕಿವಿಗೆ ಕಿರಿಕಿರಿಯಾಗುತ್ತಿತ್ತು. ಸದ್ದು ಎಂದರೆ ಸವೆತ ಎಂದು ಈ ಕಿವಿ ಕಲಿತುಬಿಟ್ಟಿದೆ. ಅಂಗಡಿಯಲ್ಲಿದ್ದ ಗಟ್ಟಿ ಮೋಟಾರ್ ಗ್ರೀಸನ್ನೇ ಹಿಂದಿನ ಸೀಲಿನ ಸಂದಿಯಿಂದ ಫ್ರೀಹಬ್‌ನೊಳಗೆ ತುಂಬಿಸಿದೆ. ಸದ್ದು ನಿಂತಿತು. ಎರಡು ವಾರ ಬೀಗಿದೆ. ಡಿಸೆಂಬರಿನ ಒಂದು ಬೆಳಿಗ್ಗೆ ನಂದಿ ಬೆಟ್ಟ ಹತ್ತಲು ಹೊರಟೆ. 1,478 ಮೀಟರ್ ಎತ್ತರದ ಬೆಟ್ಟ, ಆ ಚಳಿಯಲ್ಲಿ ಬೆರಳುಗಳು ಬ್ರೇಕಿಗೆ ಬಾಗುತ್ತಿರಲಿಲ್ಲ. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಎದ್ದು ನಿಂತು ತುಳಿದೆ. ಪೆಡಲ್ ಗಾಳಿಯಲ್ಲಿ ತುಳಿದಂತೆ ಜಾರಿತು, ಮೊಣಕಾಲ ಕೆಳಗೆ ಹೊಡೆಯಿತು. ಚರ್ಮ ಕಿತ್ತು ಬಂತು, ಗುರುತು ಈಗಲೂ ಇದೆ.

ಫ್ರೀಹಬ್‌ನ ಒಳಗೆ ಸಣ್ಣ ಉಕ್ಕಿನ ನಾಲಗೆಗಳಿರುತ್ತವೆ. ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಅವನ್ನು ಮೇಲಕ್ಕೆತ್ತಿ ಹಲ್ಲುಗಳಿಗೆ ಕಚ್ಚಿಸುತ್ತದೆ. ಗಟ್ಟಿ ಗ್ರೀಸ್ ಚಳಿಗೆ ಇನ್ನಷ್ಟು ಗಟ್ಟಿಯಾಗಿ ಆ ನಾಲಗೆಗಳನ್ನು ಮಲಗಿಸಿಬಿಟ್ಟಿತ್ತು. ಕುಂಟುತ್ತಾ ಇಳಿದು, ಯಜಮಾನರ ಮುಂದೆ ಚಕ್ರ ಇಟ್ಟೆ. "ಮೋಟಾರಿಗೆ ಹಾಕುವುದನ್ನೇ ಇದಕ್ಕೂ ಹಾಕಿದಿರಾ? ಫ್ರೀ ಮಾತನಾಡಬೇಕು ಸ್ವಾಮಿ. ಮಾತು ನಿಂತರೆ ಭಯಪಡಬೇಕು" ಎಂದು ನಕ್ಕರು. ಗೇರ್ ತೆಗೆದು, ಆಕ್ಸಲ್ ಎಳೆದು, 10 ಮಿಲಿಮೀಟರಿನ ಅಲೆನ್ ಕೀಲಿಯಿಂದ ಫ್ರೀಹಬ್ ಬಿಚ್ಚಿ, ಡೀಸೆಲಿನಲ್ಲಿ ರಾತ್ರಿಯಿಡೀ ಮುಳುಗಿಸಿ, ಒಣಗಿಸಿ, ತೆಳು ಎಣ್ಣೆಯ ಕೆಲವು ಹನಿ ಬಿಟ್ಟೆ. ಈಗ ಟಿಕ್ ಟಿಕ್ ಎನ್ನುತ್ತಿದೆ. ಅನ್ನಲಿ.

ಬಿಚ್ಚಿದ್ದಾಗ ಗುಂಡುಗಳನ್ನೂ ನೋಡಿದೆ. ಬದಿಗೆ ಒಂಬತ್ತರಂತೆ ಹದಿನೆಂಟು, ಕಾಲು ಇಂಚಿನವು. ಅಷ್ಟೂ ಕನ್ನಡಿಯಂತಿದ್ದವು, ಕೋನ್ ಮೇಲೆ ಗುಂಡು ಓಡಿದ ಜಾಡು ಮಾತ್ರ ತೆಳುವಾದ ಹೊಳಪಿನ ಗೆರೆಯಾಗಿ ಕಾಣುತ್ತಿತ್ತು. ಬಿಗಿ ಸರಿಯಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗುಂಡು ಬದಲಿಸುವ ಕಾಲ ಬಂದಾಗ ಹದಿನೆಂಟನ್ನೂ ಒಟ್ಟಿಗೇ ಬದಲಿಸಬೇಕು. ಹಳೆಯದರ ನಡುವೆ ಒಂದು ಹೊಸದನ್ನು ಸೇರಿಸಿದರೆ, ಸವೆಯದ ಅದೊಂದೇ ಎಲ್ಲರ ಭಾರ ಹೊರುತ್ತದೆ.

ನೀರಿನ ವಿಷಯ. ನೀರು ತುಂಬಿದ ಬಗೆಯ ಬೋರ್‌ವೆಲ್ ಮೋಟಾರಿನಲ್ಲಿ ಗ್ರೀಸೇ ಇರುವುದಿಲ್ಲ. ಸಾವಿರ ಅಡಿ ಆಳದಲ್ಲಿ ಆ ನೀರೇ ಬುಷ್‌ಗಳಿಗೂ ತ್ರಸ್ಟ್ ಬೇರಿಂಗಿಗೂ ಎಣ್ಣೆಯ ಕೆಲಸ ಮಾಡುತ್ತದೆ. ಆ ಅಭ್ಯಾಸದಲ್ಲಿ ಹಳೆಯ ಹಬ್‌ಗೆ ನೀರಿನ ಪೈಪು ನೇರವಾಗಿ ಹಿಡಿಯುತ್ತಿದ್ದೆ. ಅದು ಸತ್ತದ್ದರಲ್ಲಿ ನನ್ನ ಪಾಲೂ ಇರಬೇಕು. ವಾಟರ್ ಸರ್ವಿಸ್ ಅಂಗಡಿಯ ಜೋರು ನೀರು ಸೀಲನ್ನು ದಾಟಿ ಒಳಹೋಗುತ್ತದೆ, ಗ್ರೀಸ್ ಕೆನೆಯಂತೆ ಬೆಳ್ಳಗಾಗುತ್ತದೆ. ಈಗ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಅಷ್ಟೇ. ಡಬ್ಬಿಯ ಸ್ಪ್ರೇ ಎಣ್ಣೆಯನ್ನು ಆಕ್ಸಲಿನ ಸಂದಿಗೆ ಹೊಡೆಯುವವರಿದ್ದಾರೆ. ಅದು ಗ್ರೀಸನ್ನು ಕರಗಿಸಿ ಹೊರಹಾಕುತ್ತದೆ, ಡಿಸ್ಕ್ ಮೇಲೆ ಬಿದ್ದರೆ ಬ್ರೇಕೂ ಹೋಗುತ್ತದೆ. ಕ್ರಷರ್ ಲಾರಿಗಳ ಧೂಳಿನಲ್ಲಿ ಓಡಿಸುವ ನನ್ನಂಥವರು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಬಿಚ್ಚಿ ಗ್ರೀಸ್ ಬದಲಿಸಬೇಕು. ಕೆಲಸ ಒಂದು ಗಂಟೆಯದು. ಮತ್ತೆ ಗೇರ್ ಕೂರಿಸುವಾಗ ಅದರ ಲಾಕ್‌ರಿಂಗಿಗೆ 40 ನ್ಯೂಟನ್-ಮೀಟರ್ ಬಿಗಿ ಬೇಕು, ಕೈಯಳತೆಗೆ ಬಿಡಬೇಡಿ.

ಹಬ್ ಮೇಲೆ ನನ್ನ ತಕರಾರು ಎರಡು. ತೂಕ ಹೆಚ್ಚು. ಮತ್ತು ಫ್ರೀಹಬ್‌ನ ಒಳಭಾಗವನ್ನು ಬಿಡಿಸಿ ರಿಪೇರಿ ಮಾಡುವಂತೆ ಮಾಡಿಲ್ಲ. ಅದು ಕೆಟ್ಟರೆ ಆ ಭಾಗವನ್ನೇ ಇಡಿಯಾಗಿ ಬದಲಿಸಬೇಕು. ರಿಪೇರಿಯವನಿಗೆ ಇದು ಹಿಡಿಸುವ ಮಾತಲ್ಲ. ಸ್ಕಂದಗಿರಿಯ ತಪ್ಪಲಿನ ಕಲ್ಲುದಾರಿಯಲ್ಲಿ, ನಿಂತು ನಿಂತು ತುಳಿಯುವಾಗ ಪೆಡಲ್ ಕಚ್ಚಿಕೊಳ್ಳುವ ಮುನ್ನ ಸ್ವಲ್ಪ ಖಾಲಿ ತಿರುಗುವುದೂ ತಿಳಿಯುತ್ತದೆ. ಕ್ರಿಸ್ ಕಿಂಗ್‌ನ 72 ಹಲ್ಲುಗಳ ಹಬ್ 5 ಡಿಗ್ರಿಗೇ ಕಚ್ಚುತ್ತದೆ ಎನ್ನುವುದು ನಿಜ. ರಸ್ತೆಯಲ್ಲಿ ಓಡಿಸುವ ಐವತ್ತರ ಮನುಷ್ಯನಿಗೆ ಅದರ ಹಂಗಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಬಿಚ್ಚಿ ಕೈ ಕೊಳೆ ಮಾಡಿಕೊಳ್ಳುವ ಮನಸ್ಸಿಲ್ಲದವರು ಸೀಲ್ಡ್ ಬೇರಿಂಗ್ ಇರುವ ಹಬ್ ಕೊಳ್ಳಲಿ. ಅದರಲ್ಲಿ ಬೇರಿಂಗ್ ಹೋದರೆ ನಂಬರ್ ನೋಡಿ ಇನ್ನೊಂದನ್ನು ಒತ್ತಿ ಕೂರಿಸಿದರಾಯಿತು.

ಊರಿನವರಿಗೆ ಆ ಸವೆಸಿದ 15ರ ಪಾನಾ ಬೇಕಾದರೆ ಅಂಗಡಿಗೆ ಬಂದು ಕೇಳಬಹುದು. ಕಳೆದ ತಿಂಗಳು ಒಯ್ದ ಕಾಲೇಜು ಹುಡುಗ ಇದನ್ನು ಓದುತ್ತಿದ್ದರೆ, ದಯವಿಟ್ಟು ಮೊದಲು ಅವನು ತಂದುಕೊಡಲಿ.