ಕ್ಲೆರ್ಮೋಂ-ಫೆರಾಂ ಅಥವಾ ಓಬರ್‌ಹೌಸನ್: ಕಿರುಚಿತ್ರಪ್ರಿಯರಿಗೆ ಯಾವುದು?

ಕಥನಪ್ರಧಾನ ಕಿರುಚಿತ್ರಗಳನ್ನು ಇಷ್ಟಪಡುವವರಿಗೆ, ಅದರಲ್ಲೂ ಕಿರುಚಿತ್ರೋತ್ಸವಕ್ಕೆ ಮೊದಲ ಬಾರಿ ಹೋಗುವವರಿಗೆ, ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ಉತ್ಸವ ಸೂಕ್ತವೆಂಬುದು ನನ್ನ ದೃಢ ಅಭಿಪ್ರಾಯ. ಚಳಿಗಾಲದಲ್ಲಿ ನಡೆಯುವ ಈ ಉತ್ಸವದ ಅಂತರರಾಷ್ಟ್ರೀಯ ಸ್ಪರ್ಧೆ 1988ರಲ್ಲಿ ಆರಂಭವಾಯಿತು. ಹಲವು ದೇಶಗಳ ಕಥಾಚಿತ್ರ, ಅನಿಮೇಷನ್ ಮತ್ತು ಸಾಕ್ಷ್ಯಚಿತ್ರಗಳನ್ನು ಒಂದೇ ಪ್ರದರ್ಶನದಲ್ಲಿ ಬೆರೆಸಿ ತೋರಿಸುವುದರಿಂದ, ಒಂದು ಚಿತ್ರ ಹಿಡಿಸದಿದ್ದರೂ ಮುಂದಿನದು ಕೈಹಿಡಿಯುತ್ತದೆ. ಪ್ರಯೋಗಶೀಲ ಚಿತ್ರಗಳಿಗೆ ‘ಲ್ಯಾಬೊ’ ಎಂಬ ಪ್ರತ್ಯೇಕ ಸ್ಪರ್ಧೆಯಿದೆ. ತಮ್ಮ ಚಿತ್ರಕ್ಕೆ ಖರೀದಿದಾರರನ್ನು ಹುಡುಕುವ ನಿರ್ದೇಶಕರಿಗೆ ಅಲ್ಲಿನ ಕಿರುಚಿತ್ರ ಮಾರುಕಟ್ಟೆ ದೊಡ್ಡ ಅನುಕೂಲ.

1954ರಲ್ಲಿ ಹುಟ್ಟಿದ ಜರ್ಮನಿಯ ಓಬರ್‌ಹೌಸನ್ ಉತ್ಸವದ ಒಲವು ಬೇರೆ. 1962ರಲ್ಲಿ 26 ಚಿತ್ರಕರ್ಮಿಗಳು ಹಳೆಯ ಸಿನಿಮಾ ಸತ್ತಿತೆಂದು ಘೋಷಿಸಿದ್ದು ಇಲ್ಲಿಯೇ, ಮತ್ತು ಆ ಹಟ ಇಂದಿನ ಆಯ್ಕೆಯಲ್ಲೂ ಉಳಿದಿದೆ. ಕಥೆಯ ಎಳೆ ಅರಸುವವರು ಇಲ್ಲಿ ದಣಿಯಬಹುದು. ಬಿಂಬ ಮತ್ತು ಧ್ವನಿಯ ಸಾಧ್ಯತೆಗಳನ್ನೇ ಅರಸುವವರು ವಸಂತದವರೆಗೆ ಕಾದು ಇಲ್ಲಿಗೇ ಹೋಗಬೇಕು.