ಗೂಗಲ್ ಕ್ಯಾಲೆಂಡರ್: ಸಮಯ ಕಾದಿರಿಸುತ್ತದೆ, ಲೆಕ್ಕ ಕೇಳುವುದಿಲ್ಲ

ಪ್ರತಿ ತಿಂಗಳು 14ನೇ ತಾರೀಕು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಆ ರಿಟರ್ನ್, ಅಂದರೆ 3ಬಿ, ಸಲ್ಲಿಸಲು ಕೊನೆಯ ದಿನ 20. ಕೊನೆಯ ದಿನವನ್ನು ಬಿಟ್ಟರೆ ಮಧ್ಯೆ ಉಳಿಯುವುದು ಐದು ದಿನ, ಅದರಲ್ಲೊಂದು ಭಾನುವಾರ ಬಿತ್ತೆಂದರೆ ನಾಲ್ಕೇ. 24 ಪಾರ್ಟಿಗಳ, ಅಂದರೆ ಗ್ರಾಹಕರ, ಲೆಕ್ಕ ನೋಡುವ ಒಂದು ಸಣ್ಣ ತೆರಿಗೆ ಕಚೇರಿಯನ್ನು ತೆಗೆದುಕೊಳ್ಳಿ. ಒಬ್ಬೊಬ್ಬರ ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡಲು 40 ನಿಮಿಷ ಹಿಡಿದರೂ ಒಟ್ಟು 16 ಗಂಟೆ, ಅಂದರೆ ದಿನಕ್ಕೆ 4 ಗಂಟೆ. ಫೋನು, ಬಾಗಿಲಿಗೆ ಬರುವ ಜನ, ಬ್ಯಾಂಕ್ ಕೆಲಸಗಳ ನಡುವೆ ಈ 4 ಗಂಟೆ ತಾನಾಗಿ ಸಿಗುವುದಿಲ್ಲ. ಮೊದಲೇ ಕಾದಿರಿಸಿ ಇಡಬೇಕು. ಗೂಗಲ್ ಕ್ಯಾಲೆಂಡರ್ ಈ ಕೆಲಸಕ್ಕೆ ಎಷ್ಟು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ನೋಡಿದ್ದೇವೆ.

ಸಮಯ ಹಿಡಿದಿಡುವುದರಲ್ಲಿ ಇದು ತುಂಬ ಚೆನ್ನಾಗಿದೆ. ವಾರದ ನೋಟದಲ್ಲಿ ಖಾಲಿ ಜಾಗದ ಮೇಲೆ ಮೌಸ್ ಒತ್ತಿ ಎಳೆದರೆ 10ರಿಂದ 12ರವರೆಗೆ ಒಂದು ಬ್ಲಾಕ್ ಆಗುತ್ತದೆ. ಅದಕ್ಕೆ ಕೊಡುವ ಹೆಸರಿನಲ್ಲೇ ಅರ್ಧ ಕೆಲಸ ಅಡಗಿದೆ. ‘ಜಿಎಸ್‌ಟಿ ಕೆಲಸ’ ಎಂದು ಬರೆದರೆ 12 ಗಂಟೆಗೆ ಕೆಲಸ ಮುಗಿಯಿತೋ ಇಲ್ಲವೋ ಹೇಳುವವರಾರು? ‘3 ಪಾರ್ಟಿ ತಾಳೆ, ಬಾಕಿ ಬಿಲ್ ಪಟ್ಟಿ ವಾಟ್ಸಾಪ್ ಮಾಡುವುದು’ ಎಂದು ಬರೆದರೆ ಹೌದೋ ಅಲ್ಲವೋ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಎಣಿಕೆ ಒಂದು, ಕೊನೆಗೆ ಕೈಯಲ್ಲಿ ಏನಿರಬೇಕು ಎಂಬುದು ಇನ್ನೊಂದು: ಈ ಎರಡೂ ಹೆಸರಿನಲ್ಲಿ ಇರಲಿ. ಪಾರ್ಟಿಗಳ ಹೆಸರು, ಯಾರಿಂದ ಯಾವ ಬಿಲ್ ಬರಬೇಕು ಎಂಬುದೆಲ್ಲ ಕೆಳಗಿನ ವಿವರಣೆಯ ಜಾಗಕ್ಕೆ ಹೋಗಲಿ. ಎಲ್ಲವನ್ನೂ ಕನ್ನಡದಲ್ಲೇ ಬರೆಯಬಹುದು.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಎಂದರೆ 9:30ರಿಂದ 6ರವರೆಗೆ ಒಂದಿಷ್ಟೂ ಸಂದಿ ಬಿಡದೆ ಬ್ಲಾಕ್ ತುಂಬುವುದು. ಮೊದಲನೆಯದು 20 ನಿಮಿಷ ತಡವಾದರೆ ಉಳಿದದ್ದೆಲ್ಲ ಸರಿಯುತ್ತಾ ಹೋಗಿ, ಮಧ್ಯಾಹ್ನ ಮೂರರ ಹೊತ್ತಿಗೆ ಕ್ಯಾಲೆಂಡರ್ ನೋಡುವುದನ್ನೇ ಬಿಟ್ಟಿರುತ್ತಾರೆ. ಮೇಲಿನ ಲೆಕ್ಕಕ್ಕೆ ಬೆಳಗ್ಗೆ 2 ಗಂಟೆ, ಮಧ್ಯಾಹ್ನ 2 ಗಂಟೆ ಸಾಕು. ಸಂಜೆ 4:30ರಿಂದ 5:15ರವರೆಗೆ ‘ಉಳಿದದ್ದು’ ಎಂದೇ ಒಂದು ಬ್ಲಾಕ್ ಇಡಿ. ಬಿಲ್ ಕೊಡಲು ತಡಮಾಡಿದ ಪಾರ್ಟಿಗೆ ಅದು ಬೇಕೇ ಬೇಕಾಗುತ್ತದೆ.

ಪ್ರತಿ ತಿಂಗಳೂ ಮರುಕಳಿಸುವಂತೆ ಹಾಕುವಾಗ ಒಂದು ಎಚ್ಚರಿಕೆ. ‘ಪ್ರತಿ ತಿಂಗಳು 15’ ಎಂದು ಹಾಕಿದರೆ 15ನೇ ತಾರೀಕು ಭಾನುವಾರ ಬಂದರೂ ಬ್ಲಾಕ್ ಅಲ್ಲೇ ಕೂತಿರುತ್ತದೆ, ಸೋಮವಾರಕ್ಕೆ ತಾನಾಗಿ ಹೋಗುವುದಿಲ್ಲ. ತಿಂಗಳ ಮೊದಲ ದಿನವೇ 15ರಿಂದ 19ರವರೆಗೆ ಕಣ್ಣಾಡಿಸಿ ಕೈಯಿಂದ ಸರಿಸಬೇಕು. ಸರಿಸುವಾಗ ಈ ಒಂದನ್ನೇ, ಇದನ್ನೂ ಮುಂದಿನವನ್ನೂ, ಅಥವಾ ಎಲ್ಲವನ್ನೂ ಬದಲಿಸಬೇಕೇ ಎಂದು ಕೇಳುತ್ತದೆ. ಗಡಿಬಿಡಿಯಲ್ಲಿ ‘ಎಲ್ಲ’ ಒತ್ತಿದರೆ ವರ್ಷವಿಡೀ ಹಾಕಿಟ್ಟ ಸಾಲೇ ಕದಲುತ್ತದೆ. ಆಗ ಪರದೆಯ ಕೆಳಗೆ ಕೆಲವು ಕ್ಷಣ ಕಾಣುವ ರದ್ದುಮಾಡುವ ಗುಂಡಿಯನ್ನು ತಕ್ಷಣ ಒತ್ತಿ.

ಸೆಟ್ಟಿಂಗ್‌ಗಳಲ್ಲಿ ಮೂರನ್ನು ಮೊದಲ ದಿನವೇ ಬದಲಿಸಿ. ಒಂದು, ಸೂಚನೆಯ ಸಮಯ. ಅರ್ಧ ಗಂಟೆ ಮುಂಚೆ ಬರುವ ಸೂಚನೆ ಈಗ ಮಾಡುತ್ತಿರುವ ಕೆಲಸವನ್ನು ಕೆಡಿಸುತ್ತದೆಯೇ ಹೊರತು ಮುಂದಿನದಕ್ಕೆ ನೆರವಾಗುವುದಿಲ್ಲ. ಬ್ಲಾಕ್‌ಗಳಿಗೆ 2 ನಿಮಿಷ ಸಾಕು. ಎರಡು, ಸ್ಪೀಡಿ ಮೀಟಿಂಗ್ಸ್. ಇದನ್ನು ಆನ್ ಮಾಡಿದರೆ ನೀವು ಹಾಕುವ 30 ನಿಮಿಷದ ಮೀಟಿಂಗ್ 25ಕ್ಕೆ, 60 ನಿಮಿಷದ್ದು 50ಕ್ಕೆ ಮುಗಿಯುತ್ತದೆ. ಎದ್ದು ನೀರು ಕುಡಿಯಲು, ಹಿಂದಿನ ಮಾತಿನ ಟಿಪ್ಪಣಿ ಬರೆಯಲು ಆ ಬಿಡುವು ದೊಡ್ಡದು. ಬೇರೆಯವರು ಕಳಿಸುವ ಮೀಟಿಂಗ್‌ಗೆ ಇದು ತಾಗುವುದಿಲ್ಲ ಎಂಬುದು ಗೊತ್ತಿರಲಿ. ಮೂರು, ಬಣ್ಣ. ಹನ್ನೊಂದು ಬಣ್ಣ ಕೊಟ್ಟಿದ್ದಾರೆಂದು ಹನ್ನೊಂದನ್ನೂ ಬಳಸಿದರೆ ರಂಗೋಲಿಯಾಗುತ್ತದೆ. ಏಕಾಗ್ರತೆ ಬೇಡುವ ಕೆಲಸಕ್ಕೆ ಒಂದು, ಇತರರ ಜೊತೆಗಿನ ಕೆಲಸಕ್ಕೆ ಇನ್ನೊಂದು, ಅಷ್ಟೇ ಇರಲಿ. ವಾರದ ನೋಟದಲ್ಲಿ ಮೊದಲನೆಯ ಬಣ್ಣ ಎಷ್ಟಿದೆ ಎಂಬುದು ಒಂದೇ ಕಣ್ಣೋಟಕ್ಕೆ ತಿಳಿಯಬೇಕು.

‘ಫೋಕಸ್ ಟೈಮ್’ ಎಂಬ ಸೌಲಭ್ಯ ಕಂಪನಿ ಅಥವಾ ಶಾಲೆ ಕೊಡುವ ಕೆಲವು ಬಗೆಯ ಖಾತೆಗಳಿಗೆ ಮಾತ್ರ ಇದೆ, ಸಾಮಾನ್ಯ ಜಿಮೇಲ್ ಖಾತೆಗೆ ಇಲ್ಲ. ಆ ಹೊತ್ತಿಗೆ ಯಾರಾದರೂ ಮೀಟಿಂಗ್ ಕಳಿಸಿದರೆ ಇದು ತಾನಾಗಿ ನಿರಾಕರಿಸಬಲ್ಲದು. ಇರುವವರು ಖಂಡಿತ ಬಳಸಿ, ಆದರೆ ದಿನಕ್ಕೆ ಒಂದೇ ಸಲ, ಹೆಚ್ಚೆಂದರೆ 2 ಗಂಟೆ. ಇಡೀ ದಿನ ಹಾಕಿದರೆ ಸಹೋದ್ಯೋಗಿಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನೇರ ಫೋನ್ ಮಾಡುತ್ತಾರೆ, ಅದು ಅವರ ತಪ್ಪೂ ಅಲ್ಲ. ಇಲ್ಲದವರು ಬ್ಲಾಕ್ ಅನ್ನು ‘ಬಿಡುವಿಲ್ಲ’ ಎಂದು ಗುರುತಿಸಿ, ಬಂದ ಆಹ್ವಾನವನ್ನು ಕೈಯಾರೆ ನಿರಾಕರಿಸಿ, ಬೇರೆ ಹೊತ್ತು ಸೂಚಿಸಬೇಕು.

ಇನ್ನು ದೊಡ್ಡ ಕೊರತೆ. ಮುಗಿದು ಹೋದ ಹೊತ್ತಿನ ಬ್ಲಾಕ್ ಸುಮ್ಮನೆ ಮಸುಕಾಗುತ್ತದೆ. ಕೆಲಸ ಆಯಿತೇ ಎಂದು ಅದು ಕೇಳುವುದಿಲ್ಲ. ಮೂರು ಪಾರ್ಟಿಯ ಜಾಗದಲ್ಲಿ ಒಂದೇ ಆಗಿದ್ದರೂ, ಏನೂ ಆಗದಿದ್ದರೂ, ಹಿಂದಿನ ವಾರ ನೋಡಿದರೆ ಎಲ್ಲವೂ ಅಚ್ಚುಕಟ್ಟಾಗಿ ನಡೆದಂತೆಯೇ ಕಾಣುತ್ತದೆ. 2016ರಲ್ಲಿ ಗೂಗಲ್ ‘ಗೋಲ್ಸ್’ ಎಂಬ ಸೌಲಭ್ಯ ತಂದಿತ್ತು. ವಾರಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಎಂದು ಹೇಳಿದರೆ ಖಾಲಿ ಜಾಗವನ್ನು ತಾನೇ ಹುಡುಕಿ ಹಾಕುತ್ತಿತ್ತು, ಮಧ್ಯೆ ಬೇರೆ ಕೆಲಸ ಬಂದರೆ ಸರಿಸುತ್ತಿತ್ತು, ಮುಗಿದದ್ದನ್ನು ಗುರುತು ಮಾಡಲು ಬಿಡುತ್ತಿತ್ತು. 2022ರ ನವೆಂಬರ್‌ನಲ್ಲಿ ಅದನ್ನು ತೆಗೆದುಹಾಕಿದರು. ಅದರ ಬದಲಿಗೆ ತೋರಿಸಿದ ಮರುಕಳಿಸುವ ಟಾಸ್ಕ್‌ಗಳಿಗೆ (ಮುಗಿದಾಗ ಗುರುತು ಹಾಕುವ ಕೆಲಸಗಳು) ಜಾಗ ಹುಡುಕುವ ಆ ಜಾಣತನ ಇಲ್ಲ. ಇದು ನಿಜವಾದ ನಷ್ಟ.

ಹಾಗೆಂದು ಟಾಸ್ಕ್ ಪೂರ್ತಿ ನಿರುಪಯೋಗಿಯೂ ಅಲ್ಲ. ಮುಗಿಸದ ಟಾಸ್ಕ್‌ಗಳು ಇವತ್ತಿನ ದಿನದ ಮೇಲ್ಗಡೆ ಬಾಕಿ ಎಂದು ಬಂದು ಕೂರುತ್ತವೆ. ಹಾಗಾಗಿ ಸಮಯಕ್ಕೆ ಬ್ಲಾಕ್, ಫಲಿತಾಂಶಕ್ಕೆ ಟಾಸ್ಕ್ ಎಂದು ಹಂಚಿಕೊಳ್ಳುವುದು ಸರಿಯಾದ ದಾರಿ. 10ರಿಂದ 12ರ ಬ್ಲಾಕ್ ಹಾಗೇ ಇರಲಿ, ಅದರಲ್ಲಿನ ಮೂರು ಪಾರ್ಟಿಗೆ ಮೂರು ಟಾಸ್ಕ್ ಹಾಕಿ. ಆದದ್ದಕ್ಕೆ ಗೆರೆ ಬೀಳುತ್ತದೆ, ಆಗದ್ದು ಮರುದಿನ ಕಣ್ಣಿಗೆ ಬೀಳುತ್ತದೆ. ಜೊತೆಗೆ, 12ಕ್ಕೆ ಮುಗಿಯಬೇಕಾದದ್ದು 12:50ಕ್ಕೆ ಮುಗಿದಿದ್ದರೆ ಬ್ಲಾಕ್‌ನ ಕೆಳ ಅಂಚನ್ನು 12:50ಕ್ಕೆ ಎಳೆದುಬಿಡಿ. ಅರ್ಧ ನಿಮಿಷದ ಕೆಲಸ. ಎರಡು ತಿಂಗಳಲ್ಲಿ ಒಂದು ಪಾರ್ಟಿಗೆ ನಿಜಕ್ಕೂ ಎಷ್ಟು ಹೊತ್ತು ಬೇಕೆಂಬ ಅಂದಾಜು ನಿಮ್ಮದೇ ಕ್ಯಾಲೆಂಡರ್‌ನಲ್ಲಿ ಸಿಗುತ್ತದೆ, ಮುಂದಿನ ಗುರಿ ಅದರ ಮೇಲೆ ನಿಲ್ಲಲಿ.

ಗಮನ ಚದುರಿಸುವ ಆ್ಯಪ್‌ಗಳನ್ನು ಕ್ಯಾಲೆಂಡರ್ ತಡೆಯುವುದಿಲ್ಲ. ಆಂಡ್ರಾಯ್ಡ್ ಫೋನ್ ಇದ್ದರೆ ಅದರ ಸೆಟ್ಟಿಂಗ್‌ನಲ್ಲಿರುವ ಡಿಜಿಟಲ್ ವೆಲ್‌ಬೀಯಿಂಗ್‌ನ ಫೋಕಸ್ ಮೋಡ್‌ಗೆ ಅದೇ 10ರಿಂದ 12ರ ವೇಳಾಪಟ್ಟಿ ಕೊಡಿ. ಕರೆ ಬರುತ್ತದೆ, ನೀವು ಆರಿಸಿದ ಆ್ಯಪ್‌ಗಳು ಮಾತ್ರ ತೆರೆಯುವುದಿಲ್ಲ.

ಅಮೆರಿಕದ ತಂಡದ ಜೊತೆ ಕೆಲಸ ಮಾಡುವ ಬೆಂಗಳೂರಿನವರಿಗೆ ಒಂದು ಮಾತು. ಅಲ್ಲಿ ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ ಗಡಿಯಾರ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದ ಬೆಳಗಿನ 9ರ ಮೀಟಿಂಗ್ ಬೇಸಿಗೆಯಲ್ಲಿ ನಮಗೆ ರಾತ್ರಿ 9:30, ಚಳಿಗಾಲದಲ್ಲಿ 10:30. ಅವರು ಹಾಕಿದ ಮೀಟಿಂಗ್ ತಾನಾಗಿ ಸರಿಯುತ್ತದೆ, ನೀವು ಭಾರತದ ಸಮಯಕ್ಕೆ ಹಾಕಿಕೊಂಡ ಬ್ಲಾಕ್ ಅಲ್ಲೇ ಇರುತ್ತದೆ. ಗಡಿಯಾರ ಬದಲಾಗುವ ಆ ಎರಡು ಭಾನುವಾರಗಳ ಹಿಂದಿನ ಶುಕ್ರವಾರವೇ ಮುಂದಿನ ವಾರವನ್ನು ತೆರೆದು, ಒಂದರ ಮೇಲೊಂದು ಬಿದ್ದಿರುವುದನ್ನು ಬಿಡಿಸಿಡಿ. ರಾತ್ರಿ 10:30ಕ್ಕೆ ಮೀಟಿಂಗ್ ಇರುವ ಮರುದಿನ ಏಕಾಗ್ರತೆಯ ಬ್ಲಾಕ್ 9:30ಕ್ಕೆ ಬೇಡ, 11ಕ್ಕೆ ಶುರುವಾಗಲಿ.

ಅಂಗಡಿಯ ಗಲ್ಲಾದಲ್ಲಿ ಕೂರುವವರಿಗೆ, ಸ್ವಾಗತಕಾರರಿಗೆ, ಯಾವ ಹೊತ್ತಿಗೆ ಯಾರು ಬರುತ್ತಾರೆಂದು ಹೇಳಲಾಗದವರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ. ಅವರಿಗೆ ಮೇಜಿನ ಮೇಲೆ ಒಂದು ಚೀಟಿ, ಅದರಲ್ಲಿ ಇವತ್ತು ಮುಗಿಯಲೇಬೇಕಾದ ಎರಡು ಕೆಲಸ, ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ.